ಪ್ರಾಥಮಿಕ ಶಾಲೆಗಳಲ್ಲಿ ಸಂಗೀತ ಶಿಕ್ಷಣ: ಒಂದು ವಿಮರ್ಶೆ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಹಾಡಿಗೆ ಬರವಿಲ್ಲ. ಬೆಳಗಿನ ಪ್ರಾರ್ಥನೆ ಹಾಡಿನಿಂದಲೇ ಆರಂಭವಾಗುತ್ತದೆ. ಒಂದನೆಯ ತರಗತಿಯ ಮಕ್ಕಳು ಅಕ್ಷರವನ್ನೂ ಅಂಕಿಯನ್ನೂ ಹಾಡಿನ ಮೂಲಕವೇ ಕಲಿಯುತ್ತಾರೆ. ಸ್ವಾತಂತ್ರ್ಯ ದಿನ, ರಾಜ್ಯೋತ್ಸವ, ವಾರ್ಷಿಕೋತ್ಸವಗಳಂತೂ ಹಾಡಿಲ್ಲದೆ ಮುಗಿಯುವುದೇ ಇಲ್ಲ. ಇಷ್ಟೆಲ್ಲ ಇದ್ದೂ ಈ ಶಾಲೆಗಳಲ್ಲಿ ಸಂಗೀತವನ್ನು ಕಲಿಸುತ್ತಿಲ್ಲವೆಂದರೆ ಅದು ಅತಿಯಾದ ಟೀಕೆಯೆಂದು ತೋರಬಹುದು. ಆದರೆ ಹಾಡಿಸುವುದು ಬೇರೆ, ಹಾಡಲು ಕಲಿಸುವುದು ಬೇರೆ. ಮೊದಲನೆಯದು ಧಾರಾಳವಾಗಿ ನಡೆಯುತ್ತಿರುವುದರಿಂದಲೇ ಎರಡನೆಯದು ನಡೆಯುತ್ತಿಲ್ಲವೆಂಬುದು ಯಾರ ಲಕ್ಷ್ಯಕ್ಕೂ ಬಂದಿಲ್ಲ.

ಯಾವುದೇ ಶಿಕ್ಷಣವನ್ನು ಒರೆಗೆ ಹಚ್ಚಲು ಒಂದು ಸರಳವಾದ ಪ್ರಶ್ನೆಯುಂಟು: ಐದು ವರ್ಷ ಕಲಿತ ಮೇಲೆ, ಮೊದಲು ಬಾರದಿದ್ದ ಯಾವುದು ಮಗುವಿಗೆ ಈಗ ಬರುತ್ತದೆ? ಗಣಿತದ ವಿಷಯದಲ್ಲಿ ಇದಕ್ಕೆ ಉತ್ತರ ಕೊಡಬಹುದು, ಉತ್ತರ ನಿರಾಶಾದಾಯಕವಾಗಿದ್ದರೂ ಕೊಡಬಹುದು. ಸಂಗೀತದ ವಿಷಯದಲ್ಲಿ ಇದೇ ಪ್ರಶ್ನೆ ಕೇಳಿದರೆ ಉಪಾಧ್ಯಾಯರು ಹಾಡುಗಳ ಪಟ್ಟಿಯೊಂದನ್ನು ಮುಂದಿಡುತ್ತಾರೆ. ಪಟ್ಟಿ ದೊಡ್ಡದೇ ಇರುತ್ತದೆ. ಆದರೆ ಒಬ್ಬರು ಹಿಡಿದ ಶ್ರುತಿಯನ್ನು ಮಗು ಹಿಡಿಯಬಲ್ಲುದೆ? ಪಕ್ಕದ ಮಗುವಿನ ದನಿಗೆ ಕಿವಿಗೊಟ್ಟು ತನ್ನ ದನಿಯನ್ನು ಅದಕ್ಕೆ ಹೊಂದಿಸಬಲ್ಲುದೆ? ಓಡದೆ ಎಳೆಯದೆ ಲಯದಲ್ಲಿ ನಡೆಯಬಲ್ಲುದೆ? ಹೊಸ ಧಾಟಿಯೊಂದನ್ನು ಎರಡು ಮೂರು ಸಲ ಕೇಳಿ ಮರಳಿ ಹಾಡಬಲ್ಲುದೆ? ಪ್ರಾಥಮಿಕ ಶಾಲೆಯಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ಅನ್ಯಾಯ; ಇದಕ್ಕಿಂತ ಕಡಿಮೆಗೆ ತೃಪ್ತಿಪಡುವುದೂ ಅನ್ಯಾಯವೇ.

ಮಕ್ಕಳಲ್ಲಿ ಶಕ್ತಿಯಿಲ್ಲವೆಂದು ಹೇಳುವಂತಿಲ್ಲ. ಅದಕ್ಕೆ ಪ್ರಮಾಣ ನಿತ್ಯವೂ ಕಣ್ಣೆದುರಿಗಿದೆ. 1950ರ ಜನವರಿ 24ರಂದು ಅಂಗೀಕೃತವಾದ ನಮ್ಮ ರಾಷ್ಟ್ರಗೀತೆಯನ್ನು ಯಾವ ಹಳ್ಳಿಯ ಮಗುವಿಗೂ ಸರಿಗಮ ಹೇಳಿಕೊಟ್ಟು ಕಲಿಸಿದವರಿಲ್ಲ. ಅದರ ಭಾಷೆ ಮಗುವಿನ ಮನೆಮಾತೂ ಅಲ್ಲ. ಆದರೂ ಸುಮಾರು 52 ಸೆಕೆಂಡುಗಳ ಆ ಗೀತೆಯನ್ನು ಒಂದನೆಯ ತರಗತಿಯ ಮಗು ಕೆಲವೇ ತಿಂಗಳುಗಳಲ್ಲಿ ಧಾಟಿ ಕೆಡದಂತೆ ಹಾಡತೊಡಗುತ್ತದೆ. ದಿನವೂ ಕೇಳುವುದು, ದೊಡ್ಡ ಮಕ್ಕಳ ಜೊತೆಯಲ್ಲಿ ಹಾಡುವುದು, ಒಂದೇ ಧಾಟಿಯನ್ನು ಬದಲಿಸದೆ ಇರಿಸಿಕೊಳ್ಳುವುದು, ಇವಿಷ್ಟೇ ಅಲ್ಲಿ ಗುರುವಿನ ಕೆಲಸ ಮಾಡಿವೆ. ಕೊರತೆ ಎಲ್ಲಿ ಕಾಣುತ್ತದೆಂದರೆ, ಮುಂದಾಳಾದ ವಿದ್ಯಾರ್ಥಿ ತನಗೆ ತೋಚಿದ ಶ್ರುತಿಯಲ್ಲಿ ಎತ್ತಿಕೊಂಡಾಗ. ಆರಂಭ ತುಸು ಎತ್ತರವಾಯಿತೆನ್ನಿ, ಕೊನೆಯ ಜಯಘೋಷದಲ್ಲಿ ಸ್ವರ ಮೇಲಿನ ಷಡ್ಜಕ್ಕೆ ಏರುವಾಗ ಅರ್ಧ ಮಕ್ಕಳು ಕಿರುಚುತ್ತಾರೆ, ಉಳಿದರ್ಧ ದನಿಯನ್ನು ಕೆಳಕ್ಕೆ ಬಿಡುತ್ತಾರೆ. ಇದನ್ನು ತಿದ್ದಲು ವಿದ್ವತ್ತು ಬೇಡ. ಆರಂಭದ ಸ್ವರವನ್ನು ತುಸು ತಗ್ಗಿಸಿ ಕೊಡುವವರೊಬ್ಬರಿದ್ದರೆ ಸಾಕು. ಆದರೆ ತಿದ್ದಬೇಕೆಂದು ಮೊದಲು ಕಿವಿಗೆ ಗೊತ್ತಾಗಬೇಕಷ್ಟೆ.

ನಾಡಗೀತೆಯ ವಿಷಯದಲ್ಲಿ ನಡೆದುದು ಇನ್ನೂ ಬೋಧಪ್ರದವಾಗಿದೆ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯೆಂದು ಘೋಷಿತವಾಯಿತು. ಅದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೆ, ಸಿ. ಅಶ್ವತ್ಥ್ ಅವರ ಧಾಟಿಯಲ್ಲಿ ಹಾಡಬೇಕೆ ಎಂಬ ವಾದ ವರ್ಷಗಟ್ಟಲೆ ಬೆಳೆಯಿತು, ಸಮಿತಿಗಳು ಕುಳಿತವು, 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಆಲಾಪ, ಪುನರಾವರ್ತನೆಗಳಿಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ಆಜ್ಞೆ ಮಾಡಿತು. ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಇಬ್ಬರೂ ನಾಡಿನ ಮಾನ್ಯ ಗಾಯಕರು, ಇಬ್ಬರ ಧಾಟಿಯೂ ಜನಪ್ರಿಯ. ಆ ಚರ್ಚೆಗೆ ನಾವು ಇಳಿಯುವುದಿಲ್ಲ. ನಮ್ಮ ಆಕ್ಷೇಪ ಬೇರೆ. ಈ ಗೀತೆಯನ್ನು ದಿನದಿನವೂ ಹಾಡುವವರು ವೇದಿಕೆಯ ಗಾಯಕರಲ್ಲ, ಶಾಲೆಯ ಮಕ್ಕಳು. ಧಾಟಿ ಯಾರದು, ಕಾಲ ಎಷ್ಟು ಎಂಬ ಎರಡು ಪ್ರಶ್ನೆಗಳ ಸುತ್ತ ಸುತ್ತಿದ ಆ ದೊಡ್ಡ ವಾದದಲ್ಲಿ, ಆರು ವರ್ಷದ ಕಂಠಕ್ಕೆ ಯಾವ ಶ್ರುತಿ ಹಿತ, ಅದನ್ನು ಮಗುವಿಗೆ ಹೇಳಿಕೊಡುವವರಾರು ಎಂಬ ಪ್ರಶ್ನೆಗಳಿಗೆ ಅಂಚಿನಲ್ಲಿಯೂ ಎಡೆ ದೊರೆಯಲಿಲ್ಲ. ಗೀತೆಗೆ ಆಜ್ಞೆ ಬಂದಿತು, ಗಾಯನಕ್ಕೆ ಗುರು ಬರಲಿಲ್ಲ.

ಇನ್ನು ತರಗತಿಯ ಹಾಡು. ಪಂಜೆ ಮಂಗೇಶರಾಯರು (1874-1937) ಶಿಕ್ಷಣ ಇಲಾಖೆಯಲ್ಲಿ ದುಡಿಯುತ್ತ ಮಕ್ಕಳಿಗಾಗಿ ಪದ್ಯಗಳನ್ನು ಬರೆದಾಗ ಅವು ಹಾಡಲೆಂದೇ ಹುಟ್ಟಿದುವು. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳೂ ಹಾಗೆಯೇ. ಕ್ರಮೇಣ ಪಠ್ಯಪುಸ್ತಕದಲ್ಲಿ ಪದ್ಯ ಉಳಿಯಿತು, ಧಾಟಿ ಕಳಚಿಬಿತ್ತು. ಪದದ ಅರ್ಥ, ಸಾರಾಂಶ, ಬಿಟ್ಟ ಸ್ಥಳ ತುಂಬುವುದು ಮುಂದೆ ಬಂದುವು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆರಂಭಿಸಿದ ‘ನಲಿ ಕಲಿ’ ಪದ್ಧತಿ ಈ ಜಡತ್ವವನ್ನು ಬಹುಮಟ್ಟಿಗೆ ಮುರಿಯಿತು. ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ಆ ಪದ್ಧತಿ ಹಾಡನ್ನು ಮರಳಿ ತರಗತಿಯೊಳಕ್ಕೆ ಕರೆತಂದುದು ಸಣ್ಣ ಉಪಕಾರವಲ್ಲ. ಆದರೆ ಅಲ್ಲಿ ಹಾಡು ಬಂದುದು ಅತಿಥಿಯಾಗಿ ಅಲ್ಲ, ಆಳಾಗಿ. ಅಕ್ಷರದ ಹೊರೆ, ಮಗ್ಗಿಯ ಹೊರೆ, ಆರೋಗ್ಯ ಸೂತ್ರಗಳ ಹೊರೆ ಹೊತ್ತು ಅದು ನಡೆಯಬೇಕು. ಹೊರೆ ಇಳಿಸಿದ ಮೇಲೆ ಅದರ ಕೆಲಸ ತೀರಿತು. ಹಾಡಿನ ಮೂಲಕ ‘ಅ’ ಕಲಿತನೆ ಎಂದು ನೋಡುವವರಿದ್ದಾರೆ. ಹಾಡನ್ನು ಹಾಡಿದನೆ ಎಂದು ಕೇಳುವವರಿಲ್ಲ.

ಶಾಲೆಯ ಹೊರಗಿನ ವೇದಿಕೆಯ ಕಥೆಯೂ ಭಿನ್ನವಲ್ಲ. ಶಿಕ್ಷಣ ಇಲಾಖೆಯ ‘ಪ್ರತಿಭಾ ಕಾರಂಜಿ’ಯಲ್ಲಿ ಜನಪದ ಗೀತೆ, ಭಕ್ತಿಗೀತೆ, ಲಘು ಸಂಗೀತಗಳ ಸ್ಪರ್ಧೆಗಳುಂಟು. ಅದರಿಂದ ಬೆಳಕಿಗೆ ಬಂದ ಮಕ್ಕಳೂ ಉಂಟು. ಆದರೆ ಸ್ಪರ್ಧೆಗೆ ನಲವತ್ತು ಮಕ್ಕಳಲ್ಲಿ ಒಬ್ಬರು ಸಾಕು. ಹೆಚ್ಚಾಗಿ ಮನೆಯಲ್ಲಿಯೇ ಹಾಡು ಕೇಳಿ ಬೆಳೆದ, ಕಲಿಸದೆಯೇ ಹಾಡಬಲ್ಲ ಮಗು ಅದು. ಉಳಿದ ಮೂವತ್ತೊಂಬತ್ತು ಮಕ್ಕಳು ಚಪ್ಪಾಳೆಗೆ. ವಾರ್ಷಿಕೋತ್ಸವದಲ್ಲಿ ಈಚೆಗೆ ಆ ಒಂದು ಮಗುವಿಗೂ ಕೆಲಸವಿಲ್ಲ. ಧ್ವನಿವರ್ಧಕದಲ್ಲಿ ಚಲನಚಿತ್ರದ ಹಾಡು ಮೊಳಗುತ್ತದೆ, ಮಕ್ಕಳು ಅದಕ್ಕೆ ಕೈಕಾಲು ಆಡಿಸುತ್ತಾರೆ. ಮಕ್ಕಳ ದನಿಯೇ ಕೇಳಿಸದ ಮಕ್ಕಳ ಕಾರ್ಯಕ್ರಮವನ್ನು ನಾವು ಹೆಮ್ಮೆಯಿಂದ ನೋಡಿ ಬರುತ್ತೇವೆ!

ಸಂಗೀತ ಶಿಕ್ಷಕರನ್ನು ನೇಮಿಸಲಿ, ಆಗ ಎಲ್ಲ ಸರಿಹೋಗುತ್ತದೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ನೇಮಿಸಿದರೆ ಸಂತೋಷವೇ. ಆದರೆ ಕಾನೂನು ಏನು ಹೇಳುತ್ತದೆಂಬುದನ್ನು ನೋಡಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣ ಕಡ್ಡಾಯವಾಗಬೇಕೆಂದು ಆಶಿಸಿತು. ಅದರ ಹಿಂದೆಯೇ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರೊಬ್ಬರನ್ನು ಹೇಳುತ್ತದೆ. ಕಲೆಯೆಂದರೆ ಅಲ್ಲಿ ಚಿತ್ರವೂ ಹೌದು, ಸಂಗೀತವೂ ಹೌದು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅದೂ ಇಲ್ಲ. ಕಿವಿ ಅತ್ಯಂತ ಚುರುಕಾಗಿರುವ ವಯಸ್ಸಿಗೆ ಕಾನೂನು ಗುರುವನ್ನೇ ಕೊಡಲಿಲ್ಲ. ಗಂಡುಮಕ್ಕಳ ದನಿ ಒಡೆಯುವ ವಯಸ್ಸಿಗೆ ಬಂದಾಗ ಅರ್ಧ ಗುರುವನ್ನು ಕೊಟ್ಟಿತು.

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಹೋಬಳಿಯನ್ನೇ ತೆಗೆದುಕೊಳ್ಳಿ. ಕರಿಸಿದ್ಧೇಶ್ವರ ಸ್ವಾಮಿಯ ಬೆಟ್ಟದ ಸುತ್ತಲಿನ ಹಳ್ಳಿಗಳಂತಹ ಊರುಗಳಲ್ಲಿ, ಹಟ್ಟಿಗಳಲ್ಲಿ, ಕಿರಿಯ ಪ್ರಾಥಮಿಕ ಶಾಲೆಯೆಂದರೆ ಒಬ್ಬಿಬ್ಬರು ಉಪಾಧ್ಯಾಯರು ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ನಡೆಸುವ ಶಾಲೆ. ನೂರು ಮಕ್ಕಳ ನಿಯಮ ಇಂಥಲ್ಲಿಗೆ ಎಂದೂ ಬರುವುದಿಲ್ಲ. ಹಾಗಾದರೆ ಇಲ್ಲಿ ಸಂಗೀತ ಅಸಾಧ್ಯವೆ? ಇದಕ್ಕೆ ವಿರುದ್ಧವಾದುದೇ ನಿಜ. ಒಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ಗಣಿತವನ್ನು ಒಂದೊಂದು ತರಗತಿಗೂ ಬೇರೆ ಬೇರೆಯಾಗಿ ಹೇಳಬೇಕು; ಒಂದು ತರಗತಿಗೆ ಹೇಳುವಾಗ ಉಳಿದ ನಾಲ್ಕು ತರಗತಿಗಳು ಕಾಯುತ್ತ ಕುಳಿತಿರಬೇಕು. ಐದೂ ತರಗತಿಗಳಿಗೆ ಏಕಕಾಲದಲ್ಲಿ ಹೇಳಬಹುದಾದ, ಹಾಗೆ ಹೇಳಿದರೆ ಇನ್ನೂ ಚೆನ್ನಾಗಿ ನಿಲ್ಲುವ ಪಾಠ ಹಾಡಿನದೊಂದೇ. ಐದನೆಯ ತರಗತಿಯ ಹುಡುಗಿ ಹಿಡಿದ ದನಿಯನ್ನು ಒಂದನೆಯ ತರಗತಿಯ ಮಗು ಉಪಾಧ್ಯಾಯರ ದನಿಗಿಂತ ಬೇಗ ಹಿಡಿಯುತ್ತದೆ. ಸಣ್ಣ ಶಾಲೆಯ ಬಡತನವನ್ನು ಸಂಗೀತದ ಮಟ್ಟಿಗಾದರೂ ಅನುಕೂಲವೆಂದು ಎಣಿಸಬೇಕು. ಓದು ಬರಹವೇ ಹಿಂದುಳಿದಿರುವಾಗ ಹಾಡಿಗೆ ಸಮಯವೆಲ್ಲಿ ಎಂಬವರಿಗೆ ಇಷ್ಟೇ ಉತ್ತರ: ಆ ಹಾಡುಗಳನ್ನು ನೀವು ಈಗಲೂ ಹಾಡಿಸುತ್ತಿದ್ದೀರಿ. ಹೊಸ ಸಮಯವನ್ನು ಕೇಳುತ್ತಿಲ್ಲ, ಈಗಾಗಲೇ ವ್ಯಯವಾಗುತ್ತಿರುವ ಸಮಯದ ಲೆಕ್ಕವನ್ನು ಕೇಳುತ್ತಿದ್ದೇವೆ.

ಸಂಗೀತ ಶಿಕ್ಷಣವೆಂದೊಡನೆ ನಮ್ಮ ಓದುಗರ ಮನಸ್ಸು ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಡೆಗೆ ಹರಿಯುವುದು ಸಹಜ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ಹುಟ್ಟುಗುರುಡರು. ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪಾರಂಗತರು. ಅಂಧರನ್ನೂ ಅನಾಥರನ್ನೂ ಬಡಮಕ್ಕಳನ್ನೂ ಸಾಕಿ ಹಾಡು ಕಲಿಸಿದವರು. ಪುಟ್ಟರಾಜ ಗವಾಯಿಗಳು (1914-2010), ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಆ ಪರಂಪರೆಯಿಂದ ಬಂದವರು. ಪುಟ್ಟರಾಜರ ಶಿಷ್ಯ ವೆಂಕಟೇಶಕುಮಾರರು ಆಶ್ರಮದಲ್ಲಿ ಕಳೆದುದು ಹನ್ನೆರಡು ವರ್ಷ. ಈ ಗುರುಕುಲವನ್ನು ತೋರಿಸಿ ನಮ್ಮ ಪ್ರಾಥಮಿಕ ಶಾಲೆಗಳೂ ಹೀಗಾಗಬೇಕೆನ್ನುವುದು ಭಕ್ತಿಯ ಮಾತಾದೀತೇ ಹೊರತು ವಿವೇಕದ ಮಾತಾಗದು. ಆಶ್ರಮಕ್ಕೆ ಬಂದ ಮಗು ಸಂಗೀತಕ್ಕಾಗಿ ಬಂದಿರುತ್ತದೆ, ಬೆಳಗಿನ ಜಾವದಿಂದ ನಾದದೊಳಗೇ ಇರುತ್ತದೆ. ಶಾಲೆಗೆ ಬರುವ ಮಗು ಎಲ್ಲಕ್ಕಾಗಿ ಬರುತ್ತದೆ. ಅಲ್ಲಿ ಗಾಯಕರನ್ನು ಸಿದ್ಧಗೊಳಿಸುವ ಹೊಣೆಯುಂಟು; ಇಲ್ಲಿ ಕಿವಿಯುಳ್ಳ ಮನುಷ್ಯರನ್ನು ಸಿದ್ಧಗೊಳಿಸಿದರೆ ಸಾಕು.

ಆದರೂ ಪುಣ್ಯಾಶ್ರಮದಿಂದ ಶಾಲೆ ಎರವಲು ಪಡೆಯಬಹುದಾದ ಒಂದು ತತ್ತ್ವವಿದೆ. ಅದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯರಿಗೆ ಕಲಿಸುವಾಗ ಹಲಗೆಯ ಮೇಲೆ ಬರೆದು ತೋರಿಸುವ ಮಾತೇ ಇಲ್ಲ. ಮೊದಲು ಕೇಳಬೇಕು, ಮತ್ತೆ ಕೇಳಬೇಕು, ಆಮೇಲೆ ಬಾಯಿ ಬಿಡಬೇಕು. ಸ್ವರದ ಹೆಸರು ಸ್ವರ ನಿಂತ ಮೇಲೆ ಬರುತ್ತದೆ. ನಮ್ಮ ಶಾಲೆಗಳಲ್ಲಿ ಎಲ್ಲಿಯಾದರೂ ಒಂದಿಷ್ಟು ಸಂಗೀತ ಪಾಠ ನಡೆದರೆ ಅದು ಇದಕ್ಕೆ ತಿರುಗುಮುರುಗಾಗಿರುತ್ತದೆ. ಸಪ್ತಸ್ವರಗಳ ಹೆಸರು, ತಾಳಗಳ ಹೆಸರು, ರಾಗಲಕ್ಷಣ, ಜೂನಿಯರ್ ಪರೀಕ್ಷೆಯ ಪ್ರಶ್ನೋತ್ತರ; ಷಡ್ಜವೆಂದರೆ ನವಿಲಿನ ಕೂಗೆಂದು ಬರೆದು ಅಂಕ ಪಡೆದ ಮಗು ಷಡ್ಜವನ್ನು ಹಿಡಿದು ನಿಲ್ಲಲಾರದು.

ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಸರಳೆ, ಜಂಟಿವರಸೆ, ಅಲಂಕಾರ, ಪಿಳ್ಳಾರಿ ಗೀತೆಗಳ ಕ್ರಮ ಬೋಧನಾಶಾಸ್ತ್ರದಲ್ಲಿಯೇ ಒಂದು ಅದ್ಭುತ. ಸಂಗೀತವನ್ನೇ ಕಲಿಯಲು ಕುಳಿತವನಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಸರಳೆ ಮೊದಲ ದಿನದಿಂದಲೇ ಪೂರ್ತಿ ಸಪ್ತಕವನ್ನು ಹತ್ತಿ ಇಳಿಯುತ್ತದೆ. ಆರು ವರ್ಷದ, ಎಂದೂ ಸಾಧನೆ ಮಾಡದ ನಲವತ್ತು ಕಂಠಗಳಿಗೆ ಒಟ್ಟಿಗೆ ಅದು ಮೊದಲ ಮೆಟ್ಟಿಲಾಗಲಾರದು. ಹಂಗೇರಿಯ ಜೋಲ್ತಾನ್ ಕೊದಾಯ್ (1882-1967) ಎಂಬ ಸಂಗೀತಜ್ಞ ಈ ತೊಡಕಿಗೆ ಕಂಡ ಪರಿಹಾರ ಮನನೀಯವಾದುದು. ಮಾತಿಗೆ ಮಾತೃಭಾಷೆಯಿದ್ದಂತೆ ಸಂಗೀತಕ್ಕೂ ಮಾತೃಭಾಷೆಯಿದೆ, ಅದು ಆ ಜನದ ಜಾನಪದ ಗೀತೆ ಎಂದು ಅವರು ವಾದಿಸಿದರು. ಎರಡು ಮೂರು ಸ್ವರಗಳೊಳಗೆ ಆಡುವ ಮಕ್ಕಳ ಹಾಡಿನಿಂದ ಆರಂಭಿಸಿ ಐದು ಸ್ವರಗಳಿಗೆ, ಆಮೇಲೆ ಏಳಕ್ಕೆ ಹೋಗುವ ಕ್ರಮ ಅವರ ಚಿಂತನೆಯಿಂದ ಬೆಳೆಯಿತು. 1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೇತ್‌ನಲ್ಲಿ ನಿತ್ಯವೂ ಹಾಡುವ ಪ್ರಾಥಮಿಕ ಶಾಲೆಯೊಂದು ತೆರೆಯಿತು. ಹಂಗೇರಿಯ ಮಾತು ನಮಗೇಕೆ ಎನ್ನುವವರಿರಬಹುದು. ನಮ್ಮ ಅಂಗಳದ ಹಾಡನ್ನು ನಾವು ಮರೆತಿರುವುದರಿಂದ, ಎಂದಷ್ಟೇ ಹೇಳಬೇಕಾಗಿದೆ.

ಏಕೆಂದರೆ ಚಿತ್ರದುರ್ಗ ಸೀಮೆಯಲ್ಲಿ ಇಂಥ ಸಂಪತ್ತಿಗೆ ಕೊರತೆಯಿಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಕಂಠದಲ್ಲಿದ್ದ ಪದಗಳ ರಾಶಿಯನ್ನು ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಸಂಗ್ರಹಿಸಿದರು, ವಿಶ್ವವಿದ್ಯಾನಿಲಯಗಳು ಅಧ್ಯಯನ ಮಾಡಿದವು. ಹಿರಿಯೂರು, ಹೊಸದುರ್ಗಗಳ ಕಡೆಯ ಹಟ್ಟಿಗಳಲ್ಲಿ ಸೋಬಾನೆ, ಕೋಲಾಟದ ಪದ, ಬೀಸುವ ಪದಗಳನ್ನು ಬಲ್ಲ ಅಜ್ಜಿಯರು ಇನ್ನೂ ಸಿಗುತ್ತಾರೆ. ಈ ಹಾಡುಗಳಲ್ಲಿ ಹೆಚ್ಚಿನವು ನಾಲ್ಕೈದು ಸ್ವರಗಳ ಆವರಣದಲ್ಲಿಯೇ ಸಂಚರಿಸುತ್ತವೆ. ಒಬ್ಬರು ಹೇಳಿದ್ದನ್ನು ಗುಂಪು ಮರಳಿ ಹೇಳುವುದು ಅವುಗಳ ರಚನೆಯಲ್ಲಿಯೇ ಅಡಗಿದೆ. ಎಂದರೆ ಗುರು, ತರಗತಿ, ಪುನರಾವರ್ತನೆ ಮೂರೂ ಹಾಡಿನೊಳಗೇ ಇವೆ. ಆದರೆ ಗ್ರಂಥಾಲಯಕ್ಕೆ ಹೋದ ಈ ಹಾಡು ಪಕ್ಕದ ಶಾಲೆಗೆ ಹೋಗಲಿಲ್ಲ. ‘ಜನಪದ ಗೀತೆ’ ಎಂಬ ಹೆಸರಿನಲ್ಲಿ ನಮ್ಮ ಮಕ್ಕಳು ಇಂದು ಹಾಡುವುದು ಧ್ವನಿಮುದ್ರಿಕೆಗಳಲ್ಲಿ ಕೇಳಿಬಂದ, ವಾದ್ಯಗಳ ಅಬ್ಬರದಲ್ಲಿ ಮುಳುಗಿದ ಹತ್ತಾರು ಹಾಡುಗಳನ್ನೇ. ತನ್ನ ಓಣಿಯ ಅಜ್ಜಿಯ ಹಾಡು ಮಗುವಿಗೆ ಗೊತ್ತಿಲ್ಲ. ಅಜ್ಜಿಯನ್ನು ಶಾಲೆಗೆ ಕರೆದವರೂ ಇಲ್ಲ.

ಕಂಠದ ವಿಷಯಕ್ಕೆ ಬರೋಣ. ಇಲ್ಲಿಯೇ ಅತ್ಯಂತ ಹೆಚ್ಚು ಹಾನಿಯಾಗುತ್ತಿರುವುದು. ಗಂಡಸರ ಕಂಠಕ್ಕೂ ಮಕ್ಕಳ ಕಂಠಕ್ಕೂ ಸುಮಾರು ಒಂದು ಸಪ್ತಕದ ಅಂತರವಿದೆ. ಉಪಾಧ್ಯಾಯರು ತಮ್ಮ ಮಂದ್ರದಲ್ಲಿ ಹಾಡಿಕೊಟ್ಟರೆ, ಕೆಲವು ಮಕ್ಕಳು ಅದನ್ನು ತಾವಾಗಿಯೇ ಮೇಲಿನ ಸಪ್ತಕಕ್ಕೆ ಒಯ್ದು ಹಾಡುತ್ತಾರೆ. ಕೆಲವರು ಆ ಮಂದ್ರವನ್ನೇ ಅನುಕರಿಸಹೋಗಿ ಗೊಗ್ಗರು ದನಿಯಲ್ಲಿ ಗೊಣಗುತ್ತಾರೆ. ಎರಡನೆಯ ಗುಂಪಿಗೆ ‘ಕಂಠವಿಲ್ಲ’ ಎಂಬ ಹಣೆಪಟ್ಟಿ ಅಂಟುತ್ತದೆ. ಕಾರ್ಯಕ್ರಮ ಹತ್ತಿರವಾದಾಗ, ‘ನೀನು ಸುಮ್ಮನೆ ತುಟಿ ಆಡಿಸು’ ಎಂಬ ಸೂಚನೆಯೂ ದೊರೆಯುತ್ತದೆ. ಲೆಕ್ಕ ತಪ್ಪಿದ ಮಗುವಿಗೆ ‘ನೀನಿನ್ನು ಲೆಕ್ಕ ಮಾಡಬೇಡ’ ಎಂದು ಯಾವ ಗುರುವೂ ಹೇಳುವುದಿಲ್ಲ. ಸ್ವರ ತಪ್ಪಿದ ಮಗುವಿಗೆ ಮಾತ್ರ ಏಕೆ ಈ ಶಿಕ್ಷೆ? ಆರನೆಯ ವಯಸ್ಸಿನಲ್ಲಿ ಶ್ರುತಿ ಸೇರದ ಮಕ್ಕಳು ಬಹುಮಂದಿ ಅಭ್ಯಾಸ ದೊರೆತರೆ ಒಂಬತ್ತು ಹತ್ತರ ವೇಳೆಗೆ ಸೇರುತ್ತಾರೆಂಬುದು ಮಕ್ಕಳಿಗೆ ಹಾಡು ಕಲಿಸಿದವರೆಲ್ಲರ ಅನುಭವ. ಅಷ್ಟರೊಳಗೆ ಬಾಯಿ ಮುಚ್ಚಿಸಿದ ಮಗು ಮುಂದೆ ಜೀವಮಾನವಿಡೀ ‘ನನಗೆ ಹಾಡು ಬಾರದು’ ಎಂದೇ ನಂಬಿ ಬದುಕುತ್ತದೆ. ನಮ್ಮಲ್ಲಿ ಹಲವರು ಹೀಗೆ ನಂಬಿಯೇ ಬೆಳೆದವರು.

ಇದಕ್ಕೆ ಬೇಕಾದ ಸಲಕರಣೆ ಅಲ್ಪ. ಹಿಂದೆ ತಂಬೂರಿ, ಶ್ರುತಿಪೆಟ್ಟಿಗೆಗಳಿಗೆ ಹಣ ಬೇಕಾಗಿತ್ತು. ಈಗ ಉಪಾಧ್ಯಾಯರ ಜೇಬಿನಲ್ಲಿರುವ ಮೊಬೈಲಿನಲ್ಲಿಯೇ ತಂಬೂರಿಯ ನಾದ ದೊರೆಯುತ್ತದೆ. ಮಕ್ಕಳಿಗೆ ಹಿತವಾದ ಶ್ರುತಿಯನ್ನು ಅದರಲ್ಲಿ ಹಿಡಿದು, ಅರೆನಿಮಿಷ ಮೌನವಾಗಿ ಕೇಳಿಸಿ, ಒಂದು ಸಾಲು ಹಾಡಿ, ನಿಲ್ಲಿಸಿ, ಮಕ್ಕಳಿಂದ ಹೇಳಿಸಿ, ಮತ್ತೆ ಕೇಳಬೇಕು. ಉಪಾಧ್ಯಾಯರು ಗಾಯಕರಾಗಬೇಕಿಲ್ಲ. ಅವರ ದನಿ ಸೊಗಸಿಲ್ಲದಿದ್ದರೆ ಚೆನ್ನಾಗಿ ಹಾಡುವ ದೊಡ್ಡ ಹುಡುಗಿಯೊಬ್ಬಳು ಎತ್ತಿಕೊಡಲಿ. ಬೇಕಾದುದು ಕೇಳುವ ತಾಳ್ಮೆ. ಶಿಕ್ಷಕರ ತರಬೇತಿಯಲ್ಲಿ ಕಲಾಶಿಕ್ಷಣವೆಂಬ ಭಾಗವೊಂದಿದ್ದರೂ ಈ ತಾಳ್ಮೆಯ ಅಭ್ಯಾಸ ಅಲ್ಲಿ ನಡೆಯುವುದು ವಿರಳ. ಕಡತ ಬರೆದು ಒಪ್ಪಿಸುವುದರಲ್ಲಿ ಆ ಭಾಗ ಮುಗಿಯುತ್ತದೆ.

ಸರ್ಕಾರದ ಶಾಲೆಗಳನ್ನಷ್ಟೇ ವಿಮರ್ಶಿಸಿ ನಮ್ಮ ಮನೆಯನ್ನು ಬಿಟ್ಟರೆ ಅದು ನ್ಯಾಯವಾಗದು. ಮಠಗಳ ಶಾಲೆಗಳಲ್ಲಿ, ಪ್ರಸಾದನಿಲಯಗಳಲ್ಲಿ ಬೆಳಗು ಬೈಗು ಸಾಮೂಹಿಕ ಪ್ರಾರ್ಥನೆ ನಡೆಯುತ್ತದೆ, ವಚನಗಾಯನ ನಡೆಯುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ನಾಟಕವನ್ನೂ ಅದರೊಡನೆ ಹಾಡನ್ನೂ ಹಳ್ಳಿಹಳ್ಳಿಗೆ ಒಯ್ದಿತು; ಮಠವೊಂದು ಮನಸ್ಸು ಮಾಡಿದರೆ ಕಲೆಗೆ ಏನು ಮಾಡಬಹುದೆಂಬುದಕ್ಕೆ ಅದು ನಿದರ್ಶನ. ಸಾಮಾನ್ಯ ಪ್ರಸಾದನಿಲಯದ ಪ್ರಾರ್ಥನೆಯಾದರೋ ಸಾಲು ಬೇಗ ಮುಗಿಯಲೆಂಬ ಅವಸರದ ಕೂಗಾಗಿಬಿಟ್ಟಿದೆ. ವಚನಗಳ ವಿಷಯದಲ್ಲಿ ಇನ್ನೊಂದು ತೊಡಕು. ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ವಚನಗಳನ್ನು ರಾಗಗಳಲ್ಲಿ ಹಾಡಿ ಅಮರಗೊಳಿಸಿದರು. ಆ ಗಾಯನ ಅವರ ದೀರ್ಘ ಸಾಧನೆಯ ಫಲ. ಅದೇ ತಾನ, ಅದೇ ಮುರ್ಕಿಗಳನ್ನು ಎಂಟು ವರ್ಷದ ಮಗುವಿನಿಂದ ಹಾಡಿಸಹೊರಟಾಗ ಮಗುವಿಗೆ ರಾಗವೂ ದಕ್ಕುವುದಿಲ್ಲ, ಮಾತೂ ಸ್ಪಷ್ಟವಾಗುವುದಿಲ್ಲ. ವಚನ ಪದ್ಯದಂತೆ ಮಾತ್ರೆಗೆ ಕಟ್ಟುಬಿದ್ದ ರಚನೆಯಲ್ಲ. ಅದರ ಲಯ ಮಾತಿನ ಲಯ. ಆ ಮಾತಿನ ಏರಿಳಿತವನ್ನೇ ಅನುಸರಿಸಿ, ನಾಲ್ಕೈದು ಸ್ವರಗಳೊಳಗೆ, ಒಂದು ಉಸಿರಿಗೆ ಒಂದು ವಾಕ್ಯ ನಿಲ್ಲುವಂತೆ ಮಕ್ಕಳಿಗಾಗಿಯೇ ಧಾಟಿಗಳನ್ನು ಹೊಂದಿಸಬಲ್ಲ ಸಂಗೀತಗಾರರು ನಮ್ಮಲ್ಲಿದ್ದಾರೆ. ಅವರನ್ನು ಕೇಳಿಕೊಂಡವರು ವಿರಳ.

ಮಠದ ಪ್ರಸಾದನಿಲಯದಲ್ಲಿ ಓದಿ ಇಂದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಶಾಲೆಗಳಲ್ಲಿ ಉಪಾಧ್ಯಾಯರಾಗಿರುವವರು ಈ ಪತ್ರಿಕೆಯ ಓದುಗರಲ್ಲಿ ಅನೇಕರಿರಬಹುದು. ಅವರಲ್ಲಿ ಒಂದು ಬಿನ್ನಹ. ಮುಂದಿನ ಸೋಮವಾರದ ಪ್ರಾರ್ಥನೆಯ ಹೊತ್ತಿಗೆ ತಾವು ಹಾಡದೆ, ಮಕ್ಕಳ ಸಾಲುಗಳ ನಡುವೆ ಮೆಲ್ಲಗೆ ನಡೆದು ಒಂದೊಂದು ಮಗುವಿನ ದನಿಯನ್ನೂ ಕೇಳಿ ನೋಡಿ. ಯಾರು ಶ್ರುತಿಯಲ್ಲಿದ್ದಾರೆ, ಯಾರು ಕೂಗುತ್ತಿದ್ದಾರೆ, ಯಾರು ತುಟಿಯನ್ನಷ್ಟೇ ಆಡಿಸುತ್ತಿದ್ದಾರೆ ಎಂಬುದನ್ನು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ತಮ್ಮ ಶಾಲೆಯ ಮಕ್ಕಳು ಮನೆಯವರಿಂದ ಕಲಿತು ಬಂದ ಹಾಡು ಒಂದಾದರೂ ಇದ್ದರೆ, ಯಾವ ಊರು, ಯಾವ ಸಂದರ್ಭದ ಹಾಡು, ಹೇಳಿಕೊಟ್ಟವರು ಮಗುವಿಗೆ ಏನಾಗಬೇಕು ಎಂಬ ವಿವರಗಳೊಂದಿಗೆ ಪತ್ರಿಕೆಗೆ ಬರೆದು ತಿಳಿಸಿ.